ಡಿಸೆಂಬರ್‌ನಲ್ಲಿ ಫ್ರಾನ್ಸ್–ಜರ್ಮನಿ ಕಾರು ಪ್ರವಾಸ: ದಾವಣಗೆರೆ, ಚಿತ್ರದುರ್ಗದಿಂದ ಹೊರಡುವವರಿಗೆ ಒಂದು ಯೋಜನೆ

ದಾವಣಗೆರೆಯಿಂದ ಬೆಂಗಳೂರಿಗೆ ಸುಮಾರು 260 ಕಿಲೋಮೀಟರ್. ಬೆಳಿಗ್ಗೆ ಆರಕ್ಕೆ ಬಿಟ್ಟು, ಹಿರಿಯೂರಿನ ಹತ್ತಿರ ತಿಂಡಿ ಮುಗಿಸಿ, ಹನ್ನೊಂದರೊಳಗೆ ತಲುಪಿದರೆ ಅದನ್ನು ಯಾರೂ ಪ್ರಯಾಣ ಅನ್ನುವುದೇ ಇಲ್ಲ. ಇದೇ ಲೆಕ್ಕ ಇಟ್ಟುಕೊಂಡು ಯುರೋಪಿನ ನಕ್ಷೆ ಬಿಡಿಸಿದರೆ ಪ್ಯಾರಿಸ್, ಸ್ಟ್ರಾಸ್‌ಬರ್ಗ್, ಮ್ಯೂನಿಕ್, ಬರ್ಲಿನ್ ಎಲ್ಲವೂ ಒಂದೇ ವಾರಕ್ಕೆ ಸಿಗುವ ಹಾಗೆ ಕಾಣುತ್ತದೆ. ಬೇಸಿಗೆಯಲ್ಲಿ ಹೇಗೋ ಆದೀತು, ಡಿಸೆಂಬರ್‌ನಲ್ಲಿ ಆಗದು. ಆ ತಿಂಗಳ ಮೂರನೇ ವಾರ ಸ್ಟ್ರಾಸ್‌ಬರ್ಗ್‌ನಲ್ಲಿ ಸೂರ್ಯ ಹುಟ್ಟುವುದೇ 8.15 ದಾಟಿದ ಮೇಲೆ, ಮುಳುಗುವುದು 4.35ರ ಸುಮಾರಿಗೆ. ಪ್ಯಾರಿಸ್‌ನಲ್ಲಿ ಬೆಳಗಾಗುವುದು ಇನ್ನೂ ತಡ. ಬರ್ಲಿನ್‌ನಲ್ಲಿ ನಾಲ್ಕು ಗಂಟೆಗೆ ಮುಂಚೆಯೇ ಕತ್ತಲು.

ಆದ್ದರಿಂದ ಯೋಜನೆಯನ್ನು ಹಗಲಿನ ಲೆಕ್ಕದಲ್ಲಿ ಹಾಕಬೇಕು. ಅತಿ ಉದ್ದದ ದಿನವೂ 250 ಕಿಲೋಮೀಟರ್ ದಾಟಬಾರದು, ಮಧ್ಯಾಹ್ನ 3.30ಕ್ಕೆ ತಂಗುವ ಊರಿನಲ್ಲಿ ಇರಬೇಕು, ಊರು ಬದಲಿಸಿದರೆ ಕಡೇಪಕ್ಷ ಎರಡು ರಾತ್ರಿ ಅಲ್ಲಿ ಕಳೆಯಬೇಕು. ಇಷ್ಟು ಒಪ್ಪಿಕೊಂಡರೆ ಬರ್ಲಿನ್ ಪಟ್ಟಿಯಿಂದ ತಾನಾಗಿಯೇ ಬಿದ್ದುಹೋಗುತ್ತದೆ. ಹೋಗಲಿ ಬಿಡಿ.

ಮೊದಲು ಕ್ಯಾಲೆಂಡರ್

ನಮ್ಮ ಕಡೆಯವರು ಸಾಮಾನ್ಯವಾಗಿ ಡಿಸೆಂಬರ್ 24ಕ್ಕೆ ಹೊರಟು ಹೊಸ ವರ್ಷ ಮುಗಿಸಿ ಬರುವ ಯೋಚನೆ ಮಾಡುತ್ತಾರೆ. ಕ್ರಿಸ್‌ಮಸ್ ಸಂತೆ ನೋಡುವ ಆಸೆ ಇದ್ದರೆ ಇದಕ್ಕಿಂತ ಕೆಟ್ಟ ಸಮಯ ಇಲ್ಲ. ಜರ್ಮನಿಯ ಬಹುಪಾಲು ಸಂತೆಗಳು ನವೆಂಬರ್ ಕೊನೆಗೆ ಶುರುವಾಗಿ ಡಿಸೆಂಬರ್ 23 ಅಥವಾ 24ಕ್ಕೆ ಎತ್ತಂಗಡಿಯಾಗುತ್ತವೆ. ಫ್ರೈಬರ್ಗ್‌ನದು 23ಕ್ಕೆ, ನ್ಯೂರೆಂಬರ್ಗ್ ಮತ್ತು ಮ್ಯೂನಿಕ್‌ನವು 24ಕ್ಕೆ ಮುಗಿಯುತ್ತವೆ. 24ರ ಮಧ್ಯಾಹ್ನ ಎರಡರ ಹೊತ್ತಿಗೆ ಅಂಗಡಿಗಳೂ ಬಾಗಿಲು ಹಾಕುತ್ತವೆ. ಜರ್ಮನಿಯಲ್ಲಿ 25, 26 ಎರಡೂ ರಜೆ. ಫ್ರಾನ್ಸ್‌ನ ಉಳಿದ ಕಡೆ 26 ಕೆಲಸದ ದಿನವಾದರೂ ಸ್ಟ್ರಾಸ್‌ಬರ್ಗ್ ಇರುವ ಆಲ್ಸೇಸ್ ಪ್ರಾಂತ್ಯದಲ್ಲಿ ಅದೂ ರಜೆಯೇ. ನಾಯ್‌ಶ್ವಾನ್‌ಸ್ಟೈನ್ ಕೋಟೆ ಡಿಸೆಂಬರ್ 24, 25, 31 ಮತ್ತು ಜನವರಿ 1ರಂದು ತೆರೆಯುವುದಿಲ್ಲ. ಜನವರಿ 6 ಬವೇರಿಯಾ, ಬಾಡೆನ್-ವುರ್ಟೆಂಬರ್ಗ್ ಎರಡೂ ರಾಜ್ಯಗಳಲ್ಲಿ ರಜೆ. ಇದರ ಮೇಲೆ ಜರ್ಮನಿಯಲ್ಲಿ ಭಾನುವಾರ ಬಹುಪಾಲು ಅಂಗಡಿ ಬಂದ್. ರೈಲು ನಿಲ್ದಾಣದ ಮಳಿಗೆ, ಪೆಟ್ರೋಲ್ ಬಂಕ್ ಬಿಟ್ಟರೆ ದಿನಸಿ ಸಿಗುವುದು ಕಷ್ಟ.

ಡಿಸೆಂಬರ್ 7ರ ಸುಮಾರಿಗೆ ಹೊರಟು 22ರೊಳಗೆ ವಾಪಸ್ ವಿಮಾನ ಹತ್ತುವುದು ಉತ್ತಮ. ಮಕ್ಕಳ ಶಾಲೆ ಬಿಡಿಸಲು ಆಗದಿದ್ದರೆ ಸಂತೆಯ ಆಸೆ ಬಿಟ್ಟು, ಹಿಮ ನೋಡುವುದಕ್ಕೆಂದೇ ಹೊಸ ವರ್ಷದ ನಂತರ ಹೋಗಿ. ಫೆಬ್ರವರಿ ಮಾತ್ರ ಬೇಡ. ಫ್ರಾನ್ಸ್‌ನಲ್ಲಿ ಆಗ ಶಾಲಾ ರಜೆ, ಶನಿವಾರಗಳಂದು ಸ್ಕೀ ಮಾಡಲು ಹೊರಟವರ ಕಾರುಗಳಿಂದ ಬೆಟ್ಟದ ರಸ್ತೆಗಳು ತುಂಬಿರುತ್ತವೆ. ಯಾವ ದಿನ ಎಷ್ಟು ದಟ್ಟಣೆ ಎಂದು ಹಸಿರು, ಕಿತ್ತಳೆ, ಕೆಂಪು, ಕಪ್ಪು ಬಣ್ಣದಲ್ಲಿ ತೋರಿಸುವ ಬೀಸೋನ್ ಫ್ಯೂಟೆ ಎಂಬ ಸರ್ಕಾರಿ ಜಾಲತಾಣ ಇದೆ. ಫ್ರಾನ್ಸ್ ಕಡೆ ಯಾವ ತಿಂಗಳು ಹೋದರೂ ಅದನ್ನು ನೋಡಿಕೊಳ್ಳಿ.

ಮಾರ್ಗ: ಪ್ಯಾರಿಸ್‌ಗೆ ಕಾರು ಬೇಡ

ಹದಿನಾಲ್ಕು ರಾತ್ರಿಗಳ ಈ ಮಾರ್ಗ ಚಳಿಗಾಲಕ್ಕೆ ಹೊಂದುತ್ತದೆ: ಪ್ಯಾರಿಸ್ 2, ಸ್ಟ್ರಾಸ್‌ಬರ್ಗ್ 2, ಕೋಲ್ಮಾರ್ 2, ಕಪ್ಪುಕಾಡಿನ (ಬ್ಲ್ಯಾಕ್ ಫಾರೆಸ್ಟ್) ಟಿಟಿಸೇ 2, ಫ್ಯೂಸೆನ್ 2, ನ್ಯೂರೆಂಬರ್ಗ್ 2, ಮ್ಯೂನಿಕ್ 2.

ಪ್ಯಾರಿಸ್‌ನಲ್ಲಿ ಇಳಿದು ಮೆಟ್ರೊದಲ್ಲಿ ಓಡಾಡಿ, ಟಿಜಿವಿ ಎಂಬ ಅತಿವೇಗದ ರೈಲಿನಲ್ಲಿ ಸ್ಟ್ರಾಸ್‌ಬರ್ಗ್‌ಗೆ ಹೋಗಿ. ರೈಲಿಗೆ ಒಂದು ಮುಕ್ಕಾಲು ಗಂಟೆ ಸಾಕು. ಅದೇ ದಾರಿ ಕಾರಿನಲ್ಲಿ ಸುಮಾರು 490 ಕಿಲೋಮೀಟರ್, ಅದೂ ಟೋಲ್ ರಸ್ತೆ, ಅಂದರೆ ಚಳಿಗಾಲದ ಒಂದಿಡೀ ಹಗಲು ಅದಕ್ಕೇ ಹೋಯಿತು. ಸ್ಟ್ರಾಸ್‌ಬರ್ಗ್‌ನಲ್ಲೂ ಕಾರು ಹೊರೆಯೇ. 1570ರಿಂದ ನಡೆದುಬಂದ ಅಲ್ಲಿನ ಕ್ರಿಸ್‌ಮಸ್ ಸಂತೆ ಇರುವುದು ನದಿ ಸುತ್ತುವರಿದ ಹಳೆಯ ಊರಿನೊಳಗೆ, ಆ ದಿನಗಳಲ್ಲಿ ಅಲ್ಲಿಗೆ ವಾಹನ ಬಿಡುವುದು ಕಡಿಮೆ.

ಕಾರನ್ನು ಎಲ್ಲಿ ಬಾಡಿಗೆಗೆ ತೆಗೆದುಕೊಳ್ಳಬೇಕು ಎಂಬಲ್ಲೇ ಹೆಚ್ಚಿನವರು ದುಡ್ಡು ಕಳೆಯುವುದು. ಫ್ರಾನ್ಸ್‌ನಲ್ಲಿ ಹತ್ತಿ ಜರ್ಮನಿಯಲ್ಲಿ ಬಿಟ್ಟರೆ ದೇಶ ದಾಟಿಸಿದ್ದಕ್ಕೆ ದೊಡ್ಡ ಮೊತ್ತ ಸೇರುತ್ತದೆ, ಕೆಲವೊಮ್ಮೆ ಬಾಡಿಗೆಗಿಂತ ಅದೇ ಹೆಚ್ಚು. ಇದಕ್ಕೆ ಸುಲಭದ ದಾರಿ ಇದೆ. ಸ್ಟ್ರಾಸ್‌ಬರ್ಗ್‌ನ ‘ಡಿ’ ಮಾರ್ಗದ ಟ್ರಾಮ್ ರೈನ್ ನದಿ ದಾಟಿ ಜರ್ಮನಿಯ ಕೇಲ್ ಊರಿಗೆ ಹೋಗುತ್ತದೆ. ಅಲ್ಲಿಂದ ಲೋಕಲ್ ರೈಲಿನಲ್ಲಿ ಓಫೆನ್‌ಬರ್ಗ್‌ಗೆ ಹೋಗಿ ಅಲ್ಲಿ ಕಾರು ತೆಗೆದುಕೊಳ್ಳಿ, ಮ್ಯೂನಿಕ್‌ನಲ್ಲಿ ಒಪ್ಪಿಸಿ. ಹತ್ತುವುದೂ ಬಿಡುವುದೂ ಒಂದೇ ದೇಶದಲ್ಲಾದ್ದರಿಂದ ಖರ್ಚು ಇಳಿಯುತ್ತದೆ. ಜರ್ಮನಿಯ ಕಾರಿಗೆ ಚಳಿಗಾಲದ ಟೈರ್ ಸಿಗುವುದೂ ಸುಲಭ. ನಡುವೆ ಕಾರು ಫ್ರಾನ್ಸ್‌ಗೆ ಹೋಗಿಬರುತ್ತದೆ ಎಂದು ಬುಕಿಂಗ್‌ನಲ್ಲೇ ತಿಳಿಸಿ, ಒಪ್ಪಿಗೆ ಕರಾರಿನಲ್ಲಿ ಬರಲಿ.

ಓಫೆನ್‌ಬರ್ಗ್‌ನಿಂದ ಕೋಲ್ಮಾರ್‌ಗೆ ಸುಮಾರು 80 ಕಿಲೋಮೀಟರ್. ಹೊಸ ಕಾರು, ಬಲಬದಿಯ ಸಂಚಾರ ಎರಡನ್ನೂ ಅಭ್ಯಾಸ ಮಾಡಿಕೊಳ್ಳಲು ಸಪಾಟಾದ ಈ ದಾರಿ ಚೆನ್ನ. ಕೋಲ್ಮಾರ್ ಸುತ್ತಲಿನ ಎಗಿಸೈಮ್, ಕೈಸರ್ಸ್‌ಬರ್ಗ್, ರಿಕ್ವಿರ್ ಹಳ್ಳಿಗಳೆಲ್ಲ 15 ಕಿಲೋಮೀಟರ್ ಒಳಗೆ. ಕೆಲವು ಹಳ್ಳಿಗಳ ಸಂತೆ ವಾರಾಂತ್ಯಕ್ಕೆ ಮಾತ್ರ, ಆ ವಾರಾಂತ್ಯದಲ್ಲೇ ಪಾರ್ಕಿಂಗ್ ಸಿಗುವುದಿಲ್ಲ. ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಮುಂಚೆ ತಲುಪುವುದು ನಡುದಾರಿ. ವೋಜ್ ಬೆಟ್ಟಸಾಲಿನ ನೆತ್ತಿಯ ಮೇಲೆ ಸಾಗುವ ರೂಟ್ ದೆ ಕ್ರೆತ್ ಚಳಿಗಾಲದಲ್ಲಿ ಮುಚ್ಚಿರುತ್ತದೆ, ಹಳೆಯ ಪ್ರವಾಸ ಲೇಖನ ನೋಡಿ ಅದನ್ನು ಯೋಜನೆಗೆ ಸೇರಿಸಬೇಡಿ.

ಕೋಲ್ಮಾರ್‌ನಿಂದ ಟಿಟಿಸೇಗೆ ಮತ್ತೆ 80ರ ಆಸುಪಾಸು. ದೂರ ಅಷ್ಟೇ ಆದರೂ ಹವಾಮಾನ ಬೇರೆ. ಫ್ರೈಬರ್ಗ್ ಸಮುದ್ರಮಟ್ಟದಿಂದ 280 ಮೀಟರ್ ಎತ್ತರದಲ್ಲಿದ್ದರೆ ಟಿಟಿಸೇ 850ರ ಹತ್ತಿರ, ನಡುವಿನ ದೂರ ಬರೀ 30 ಕಿಲೋಮೀಟರ್. ಕೆಳಗೆ ಜಿಟಿಜಿಟಿ ಮಳೆಯಾದರೆ ಮೇಲೆ ಅದೇ ಹಿಮ. ಬಿ31 ರಸ್ತೆ ಹೋಲೆಂಟಾಲ್ ಕಣಿವೆಯೊಳಗಿಂದ ಹತ್ತುತ್ತದೆ, ಅಲ್ಲೊಂದು ಕಡಿದಾದ ತಿರುವಿನಲ್ಲಿ ಲಾರಿಗಳು ಸಿಕ್ಕಿಕೊಂಡು ಎಲ್ಲರನ್ನೂ ನಿಲ್ಲಿಸುವುದುಂಟು. ಮಧ್ಯಾಹ್ನ ಒಂದರೊಳಗೆ ಈ ಏರು ಮುಗಿಸಿ. ಟಿಟಿಸೇಯಲ್ಲಿ ತಂಗುವವರಿಗೆ ಕೋನುಸ್ ಎಂಬ ಅತಿಥಿ ಕಾರ್ಡ್ ಕೊಡುತ್ತಾರೆ, ಅದರಲ್ಲಿ ಸುತ್ತಲಿನ ಬಸ್, ಲೋಕಲ್ ರೈಲು ಉಚಿತ. ರಾತ್ರಿ ಹಿಮ ಬಿದ್ದಿದ್ದರೆ ಕಾರು ತೆಗೆಯದೆ ಬಸ್ಸಿನಲ್ಲಿ 1,493 ಮೀಟರ್ ಎತ್ತರದ ಫೆಲ್ಡ್‌ಬರ್ಗ್ ಕಡೆ ಹೋಗಿಬನ್ನಿ. ರಾವೆನ್ನಾ ಕಮರಿಯಲ್ಲಿ ರೈಲು ಸೇತುವೆಯ ಕೆಳಗೆ ನಡೆಯುವ ಸಂತೆಗೂ ಟಿಕೆಟ್ ಮೊದಲೇ ಕಾದಿರಿಸಿ ಶಟಲ್ ಬಸ್ಸಿನಲ್ಲೇ ಹೋಗಬೇಕು.

ಟಿಟಿಸೇಯಿಂದ ಫ್ಯೂಸೆನ್ ಸುಮಾರು 250 ಕಿಲೋಮೀಟರ್, ದಾವಣಗೆರೆ–ಬೆಂಗಳೂರಿನಷ್ಟೇ. ಒಣ ರಸ್ತೆಯಲ್ಲಿ ನಾಲ್ಕು ಗಂಟೆ, ಹಿಮವಿದ್ದರೆ ಆರು. ಎಂಟೂವರೆಗೆ ಹೊರಟು ಬೋಡೆನ್‌ಸೇ ಸರೋವರದ ಉತ್ತರ ದಡದ ಮೇರ್ಸ್‌ಬರ್ಗ್ ಅಥವಾ ಲಿಂಡಾವ್‌ನಲ್ಲಿ ಊಟ ಮುಗಿಸಿ. ಇಲ್ಲಿ ಮೊಬೈಲ್ ನಕ್ಷೆ ಮೋಸ ಮಾಡುತ್ತದೆ: ಹತ್ತು ನಿಮಿಷ ಉಳಿಸಲು ಸ್ವಿಟ್ಜರ್‌ಲ್ಯಾಂಡ್ ಇಲ್ಲವೇ ಆಸ್ಟ್ರಿಯಾದೊಳಗಿಂದ ದಾರಿ ತೋರಿಸುತ್ತದೆ. ಎರಡೂ ದೇಶಗಳ ಹೆದ್ದಾರಿಗೆ ಟೋಲ್ ಸ್ಟಿಕ್ಕರ್ ಬೇಕು. ಸ್ವಿಸ್ ಸ್ಟಿಕ್ಕರ್ 40 ಫ್ರಾಂಕ್, ವರ್ಷಕ್ಕೆ ಒಂದೇ ದರ, ಒಂದು ಗಂಟೆ ಹೋದರೂ ಅಷ್ಟೇ. ಹೊರಡುವ ಹಿಂದಿನ ರಾತ್ರಿ ಮೇರ್ಸ್‌ಬರ್ಗ್, ಲಿಂಡಾವ್, ಕೆಂಪ್ಟೆನ್ ಮೂರನ್ನೂ ನಡುವಿನ ನಿಲ್ದಾಣಗಳಾಗಿ ಸೇರಿಸಿಟ್ಟರೆ ನಕ್ಷೆ ಆಚೀಚೆ ಹೋಗದು.

ಫ್ಯೂಸೆನ್ ಪಕ್ಕದ ನಾಯ್‌ಶ್ವಾನ್‌ಸ್ಟೈನ್ ಕೋಟೆಯ ಟಿಕೆಟ್ ನಿಗದಿತ ಸಮಯದ್ದು, ತಪ್ಪಿದರೆ ಹೋಯಿತು. ಬಂದ ದಿನಕ್ಕೆ ಬುಕ್ ಮಾಡದೆ ಮರುದಿನದ ಬೆಳಿಗ್ಗೆಗೆ ಮಾಡಿ. ಎಲ್ಲರೂ ಫೋಟೊ ತೆಗೆಯುವ ಮರೀನ್ ಸೇತುವೆ ಹಿಮ ಕಟ್ಟಿದಾಗ ಮುಚ್ಚಿರುತ್ತದೆ. ಅಲ್ಲಿಂದ ನ್ಯೂರೆಂಬರ್ಗ್ ಮತ್ತೊಂದು 250, ನ್ಯೂರೆಂಬರ್ಗ್‌ನಿಂದ ಮ್ಯೂನಿಕ್ 170. ಮ್ಯೂನಿಕ್ ತಲುಪಿದ ದಿನವೇ ಕಾರು ಒಪ್ಪಿಸಿಬಿಡಿ.

ವೀಸಾ ಮತ್ತು ಕಾಗದಪತ್ರ

ಈ ಎರಡೂ ದೇಶಗಳಿಗೆ ನಡೆಯುವ ಷೆಂಗೆನ್ ವೀಸಾಕ್ಕೆ ಹೆಚ್ಚು ರಾತ್ರಿ ತಂಗುವ ದೇಶಕ್ಕೆ ಅರ್ಜಿ ಹಾಕಬೇಕು. ರಾತ್ರಿಗಳು ಸಮನಾದರೆ ಮೊದಲು ಕಾಲಿಡುವ ದೇಶಕ್ಕೆ. ಮೇಲಿನ ಮಾರ್ಗದಲ್ಲಿ ಫ್ರಾನ್ಸ್ 6, ಜರ್ಮನಿ 8. ಇಳಿಯುವುದು ಪ್ಯಾರಿಸ್‌ನಲ್ಲಾದರೂ ಅರ್ಜಿ ಜರ್ಮನಿಗೆ. ಪ್ರಯಾಣಕ್ಕೆ ಆರು ತಿಂಗಳ ಮುಂಚಿನಿಂದ 15 ದಿನದವರೆಗೆ ಅರ್ಜಿ ಹಾಕಬಹುದು. ನಿರ್ಧಾರಕ್ಕೆ ಸಾಮಾನ್ಯವಾಗಿ 15 ದಿನ, ಕೆಲವೊಮ್ಮೆ 45 ದಿನದವರೆಗೂ ಹೋಗುತ್ತದೆ. ಡಿಸೆಂಬರ್ ಪ್ರಯಾಣವಾದರೆ ಸೆಪ್ಟೆಂಬರ್‌ನಲ್ಲೇ ಬೆಂಗಳೂರಿನ ವೀಸಾ ಕೇಂದ್ರದ ದಿನ ಹಿಡಿಯಿರಿ, ಬೆರಳಚ್ಚಿಗೆ ಖುದ್ದಾಗಿ ಹೋಗಬೇಕು. ಶುಲ್ಕ ದೊಡ್ಡವರಿಗೆ 90 ಯೂರೊ, 6ರಿಂದ 12 ವರ್ಷದೊಳಗಿನ ಮಕ್ಕಳಿಗೆ 45. ಸೇವಾ ಶುಲ್ಕ ಬೇರೆ. ಪ್ರಯಾಣ ವಿಮೆ ಕನಿಷ್ಠ 30,000 ಯೂರೊ ಮೊತ್ತದ್ದಿರಬೇಕು. ವೀಸಾ ಕೈಗೆ ಬರುವವರೆಗೆ ರದ್ದು ಮಾಡಬಹುದಾದ ಹೋಟೆಲನ್ನಷ್ಟೇ ಕಾದಿರಿಸಿ.

ನಮ್ಮ ಎರಡು ಜಿಲ್ಲೆಗಳಲ್ಲಿ ತೊಡಕಾಗುವುದು ಆದಾಯದ ದಾಖಲೆ. ಚನ್ನಗಿರಿಯ ಅಡಿಕೆ ಬೆಳೆಗಾರರ ಖಾತೆಯಲ್ಲಿ ದುಡ್ಡಿರುತ್ತದೆ, ಆದರೆ ಕೃಷಿ ಆದಾಯಕ್ಕೆ ತೆರಿಗೆ ಇಲ್ಲವೆಂದು ರಿಟರ್ನ್ಸ್ ಸಲ್ಲಿಸಿರುವುದಿಲ್ಲ. ವೀಸಾ ಅಧಿಕಾರಿಗೆ ಕಾಣುವುದು ವರ್ಷಕ್ಕೆರಡು ಸಲ ಬಂದು ಬೀಳುವ ದೊಡ್ಡ ಮೊತ್ತ ಮಾತ್ರ. ಪಹಣಿ, ಮಂಡಿಯ ಮಾರಾಟ ಬಿಲ್ಲು, ಆ ಬಿಲ್ಲಿಗೆ ತಾಳೆಯಾಗುವ ಬ್ಯಾಂಕ್ ಜಮೆ ಮೂರನ್ನೂ ಇಂಗ್ಲಿಷ್ ಅನುವಾದದೊಂದಿಗೆ ಜೋಡಿಸಿ, ಒಂದು ಪುಟದ ಪತ್ರದಲ್ಲಿ ವಿವರಿಸಿ. ಅರ್ಜಿಗೆ ಹಿಂದಿನ ವಾರ ನೆಂಟರಿಂದ ತಂದು ತುಂಬಿದ ಹಣ ಮಾತ್ರ ಅನುಮಾನ ಹುಟ್ಟಿಸುತ್ತದೆ.

ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ನಿಮ್ಮ ಆರ್‌ಟಿಒ ಕಚೇರಿಯೇ ಕೊಡುತ್ತದೆ. ಫಾರಂ 4ಎ, ಶುಲ್ಕ 1,000 ರೂಪಾಯಿ, ಅವಧಿ ಒಂದು ವರ್ಷ. ಅರ್ಜಿಯ ಜೊತೆ ವೀಸಾ ಪ್ರತಿ ಬೇಕಾದ್ದರಿಂದ ವೀಸಾಕ್ಕೂ ಪ್ರಯಾಣಕ್ಕೂ ನಡುವೆ ಎರಡು ವಾರ ಬಿಡುವು ಇಟ್ಟುಕೊಳ್ಳಿ. ಇದೊಂದೇ ಇದ್ದರೆ ಸಾಲದು, ಮೂಲ ಡಿಎಲ್ ಕೂಡ ಕೈಯಲ್ಲಿರಬೇಕು. ಡಿಎಲ್‌ನಲ್ಲಿ ಇನಿಷಿಯಲ್, ಪಾಸ್‌ಪೋರ್ಟ್‌ನಲ್ಲಿ ಪೂರ್ತಿ ಹೆಸರು, ಕ್ರೆಡಿಟ್ ಕಾರ್ಡ್‌ನಲ್ಲಿ ಮತ್ತೊಂದು ರೀತಿ ಇದ್ದರೆ ಬಾಡಿಗೆ ಕೌಂಟರ್‌ನಲ್ಲಿ ಕಾರು ಕೊಡದೆ ಕಳಿಸಬಹುದು. ಆಗಸ್ಟ್‌ನಲ್ಲೇ ಮೂರನ್ನೂ ಮೇಜಿನ ಮೇಲಿಟ್ಟು ಹೋಲಿಸಿ.

ಕಾರಿನ ಕೌಂಟರ್‌ನಲ್ಲಿ

ಡೆಪಾಸಿಟ್‌ಗೆ ಮುಖ್ಯ ಚಾಲಕನ ಹೆಸರಿನಲ್ಲೇ ಕ್ರೆಡಿಟ್ ಕಾರ್ಡ್ ಬೇಕು. ಪ್ರಿಪೇಯ್ಡ್ ಫಾರೆಕ್ಸ್ ಕಾರ್ಡ್ ಸಾಮಾನ್ಯವಾಗಿ ನಡೆಯುವುದಿಲ್ಲ. ನಾಲ್ಕು ಜನ, ನಾಲ್ಕು ದೊಡ್ಡ ಸೂಟ್‌ಕೇಸ್ ಇದ್ದರೆ ಫೋಕ್ಸ್‌ವ್ಯಾಗನ್ ಗಾಲ್ಫ್ ಕಾರು ಸಾಲದು. ಅದರ ಡಿಕ್ಕಿ 380 ಲೀಟರ್, ಎರಡು ದೊಡ್ಡ ಪೆಟ್ಟಿಗೆಗೇ ತುಂಬುತ್ತದೆ. 640 ಲೀಟರ್‌ನ ಸ್ಕೋಡಾ ಆಕ್ಟೇವಿಯಾ ಕಾಂಬಿಯಂಥ, ಹಿಂಭಾಗ ಉದ್ದವಿರುವ ಎಸ್ಟೇಟ್ ಕಾರು ಕೇಳಿ. ಆಟೊಮ್ಯಾಟಿಕ್ ಎಂದು ಬುಕಿಂಗ್‌ನಲ್ಲೇ ಬರೆಸಿ, ಇಲ್ಲವಾದರೆ ಬಲಗೈಯಲ್ಲಿ ಗೇರ್ ಹಾಕುವುದನ್ನು ಹೊಸದಾಗಿ ಕಲಿಯಬೇಕು. ಜರ್ಮನಿಯಲ್ಲಿ ಹನ್ನೆರಡು ವರ್ಷದೊಳಗಿನ, 150 ಸೆಂಟಿಮೀಟರ್‌ಗಿಂತ ಕುಳ್ಳಗಿರುವ ಮಕ್ಕಳಿಗೆ ಮಕ್ಕಳ ಸೀಟು ಕಡ್ಡಾಯ.

ಕೀ ಕೊಟ್ಟ ಮೇಲೆ ಹೊರಡುವ ಆತುರ ಬೇಡ, ಮೊದಲು ಕೂತು ಟೈರ್ ನೋಡಿ. ಟೈರಿನ ಪಕ್ಕದಲ್ಲಿ ಮೂರು ಶಿಖರಗಳ ಬೆಟ್ಟ, ಅದರೊಳಗೆ ಹಿಮದ ಹೂವು ಇರುವ ಗುರುತು ನಾಲ್ಕರ ಮೇಲೂ ಇರಬೇಕು. ಬರೀ ಎಂ ಪ್ಲಸ್ ಎಸ್ ಎಂದಿದ್ದ ಟೈರ್ 2024ರ ಅಕ್ಟೋಬರ್‌ನಿಂದ ಜರ್ಮನಿಯಲ್ಲಿ ಚಳಿಗಾಲದ ಟೈರ್ ಎಂದು ಲೆಕ್ಕಕ್ಕಿಲ್ಲ. ರಸ್ತೆಯಲ್ಲಿ ಹಿಮ ಅಥವಾ ಮಂಜುಗಡ್ಡೆ ಇದ್ದಾಗ ಸರಿಯಾದ ಟೈರ್ ಇಲ್ಲದೆ ಓಡಿಸಿದರೆ 60 ಯೂರೊ ದಂಡ, ಅದರಿಂದ ಬೇರೆಯವರಿಗೆ ಅಡ್ಡಿಯಾದರೆ 80. ದಂಡಕ್ಕಿಂತ ಹೆಚ್ಚಾಗಿ ಅಪಘಾತವಾದರೆ ವಿಮೆ ಕೈಕೊಡುವ ಭಯ. ಫ್ರಾನ್ಸ್‌ನಲ್ಲಿ ನವೆಂಬರ್ 1ರಿಂದ ಮಾರ್ಚ್ 31ರವರೆಗೆ ವೋಜ್ ಸೇರಿದಂತೆ ಗುರುತಿಸಿದ ಬೆಟ್ಟದ ಊರುಗಳಲ್ಲಿ ಇಂಥ ನಾಲ್ಕು ಟೈರ್, ಇಲ್ಲವೇ ಟೈರಿಗೆ ಸುತ್ತುವ ಹಿಮದ ಚೈನ್ ಡಿಕ್ಕಿಯಲ್ಲಿರುವುದು ಕಡ್ಡಾಯ. ಸವೆತ ನೋಡಲು ಎರಡು ಯೂರೊ ನಾಣ್ಯ ಸಾಕು: ಟೈರಿನ ತೋಡಿಗೆ ನಾಣ್ಯ ಇಳಿಸಿದಾಗ ಸುತ್ತಲಿನ ಬೆಳ್ಳಿ ಬಣ್ಣದ ಅಂಚು ಪೂರ್ತಿ ಮುಳುಗಿದರೆ 4 ಮಿಲಿಮೀಟರ್ ಇದೆ ಎಂದರ್ಥ. ಕಾನೂನಿಗೆ 1.6 ಸಾಕಾದರೂ ಹಿಮದಲ್ಲಿ 4ಕ್ಕಿಂತ ಕಡಿಮೆಯ ಟೈರ್ ಹಿಡಿತ ಬಿಡುತ್ತದೆ, ಬದಲಿ ಕಾರು ಕೇಳಿ.

ಆಮೇಲೆ ನಾಲ್ಕೂ ಚಕ್ರದ ಅಂಚು, ಬಂಪರ್, ಗಾಜಿನ ವಿಡಿಯೊ ತೆಗೆಯಿರಿ. ಮೂಲ ವಿಮೆಯಲ್ಲಿ ಚಕ್ರ ಮತ್ತು ಗಾಜು ಸೇರದಿರುವುದೇ ಹೆಚ್ಚು. ಎಡಗಡೆ ಕೂತು ಓಡಿಸುವಾಗ ಕಾರನ್ನು ಬಲಕ್ಕೆ ವಾಲಿಸಿ ಚಕ್ರವನ್ನು ಕಲ್ಲಂಚಿಗೆ ಉಜ್ಜುವುದು ನಮ್ಮವರಿಗೆ ತೀರಾ ಸಾಮಾನ್ಯ. ತ್ರಿಕೋನ, ಪ್ರತಿಫಲಿಸುವ ಜಾಕೆಟ್, ಪ್ರಥಮ ಚಿಕಿತ್ಸೆ ಪೆಟ್ಟಿಗೆ ಇವೆಯೇ ನೋಡಿ. ಫ್ರಾನ್ಸ್‌ನಲ್ಲಿ ಜಾಕೆಟ್ ಡಿಕ್ಕಿಯಲ್ಲಿರದೆ ಕೂತಲ್ಲೇ ಕೈಗೆ ಸಿಗುವಂತಿರಬೇಕು.

ರಸ್ತೆಯಲ್ಲಿ

ಬಲಬದಿಯ ಸಂಚಾರ ಅರ್ಧ ಗಂಟೆಯಲ್ಲಿ ರೂಢಿಯಾಗುತ್ತದೆ. ತಪ್ಪಾಗುವುದು ಖಾಲಿ ರಸ್ತೆಯಲ್ಲಿ: ಬೆಳಿಗ್ಗೆ ಪೆಟ್ರೋಲ್ ಬಂಕ್‌ನಿಂದ ಹೊರಬರುವಾಗ ಎದುರಿಗೆ ಯಾರೂ ಇರದೆ ಕೈ ತಾನಾಗಿ ಎಡಕ್ಕೆ ಎಳೆಯುತ್ತದೆ. ಪಕ್ಕದಲ್ಲಿ ಕೂತವರು ಪ್ರತಿ ತಿರುವಿಗೆ ಮುಂಚೆ ‘ಬಲ’ ಎಂದು ಹೇಳುವ ಪದ್ಧತಿ ಇಟ್ಟುಕೊಳ್ಳಿ. ಇಂಡಿಕೇಟರ್ ಎಡಗೈ ಕಡ್ಡಿಯಲ್ಲಿ, ಮೊದಲ ದಿನ ತಿರುವಿಗೊಮ್ಮೆ ವೈಪರ್ ಓಡುವುದು ಗ್ಯಾರಂಟಿ.

ಇದಕ್ಕಿಂತ ಅಪಾಯದ್ದು ಬಲದವರಿಗೆ ಮೊದಲ ದಾರಿ ಎಂಬ ನಿಯಮ. ಎರಡೂ ದೇಶಗಳಲ್ಲಿ ಬೋರ್ಡ್ ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯ ಸಣ್ಣ ಗಲ್ಲಿಯಿಂದ ಬರುವ ಕಾರಿಗೂ ನೀವು ನಿಲ್ಲಬೇಕು. ‘ನಾನು ಮೇನ್ ರೋಡಿನಲ್ಲಿದ್ದೇನೆ’ ಎಂಬ ನಮ್ಮ ಪಿ.ಬಿ. (ಪುಣೆ–ಬೆಂಗಳೂರು) ರಸ್ತೆಯ ಧೈರ್ಯ ಇಲ್ಲಿ ನಡೆಯದು. ಆ ಗಲ್ಲಿಯವನು ನೀವು ನಿಲ್ಲುತ್ತೀರಿ ಎಂದು ನಂಬಿಯೇ ನುಗ್ಗುತ್ತಾನೆ. ಜರ್ಮನ್ ಹೆದ್ದಾರಿಯಲ್ಲಿ ವಾಹನ ನಿಧಾನವಾದ ಕೂಡಲೇ ಎಡ ಸಾಲಿನವರು ಎಡ ಅಂಚಿಗೆ, ಉಳಿದವರು ಬಲಕ್ಕೆ ಸರಿದು ನಡುವೆ ಆಂಬುಲೆನ್ಸ್‌ಗೆ ದಾರಿ ಬಿಡಬೇಕು. ಸೈರನ್ ಕೇಳುವವರೆಗೆ ಕಾಯುವಂತಿಲ್ಲ, ಬಿಡದಿದ್ದರೆ ದಂಡ 200 ಯೂರೊದಿಂದ ಶುರು.

ಡ್ಯಾಶ್‌ಬೋರ್ಡಿನಲ್ಲಿ ಉಷ್ಣಾಂಶ 3 ಡಿಗ್ರಿಗೆ ಇಳಿದರೆ ಎಚ್ಚರ. ಸೇತುವೆ ಮೇಲೆ, ಕಾಡಿನ ನೆರಳಿನಲ್ಲಿ ರಸ್ತೆ ಬರೀ ಒದ್ದೆಯಾದಂತೆ ಕಾಣುತ್ತದೆ, ಮೇಲೆ ಗಾಜಿನಂಥ ಪದರ ಕಟ್ಟಿರುತ್ತದೆ. ಮುಂದಿನ ವಾಹನದಿಂದ ಮಾಮೂಲಿಗಿಂತ ಮೂರು ಪಟ್ಟು ಅಂತರ ಬಿಡಿ. ಇಳಿಜಾರಿನಲ್ಲಿ ಸಣ್ಣ ಗೇರ್ ಹಾಕಿ ಬ್ರೇಕ್ ಮೇಲೆ ಭಾರ ಕಡಿಮೆ ಮಾಡಿ. ತುರ್ತಾಗಿ ಒತ್ತಿದಾಗ ಪೆಡಲ್ ಅದುರಿದರೆ ಅದು ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಕೆಲಸ ಮಾಡುವ ಲಕ್ಷಣ, ಕಾಲು ತೆಗೆಯಬೇಡಿ. ರೈನ್ ಕಣಿವೆಯ ಮಂಜು ಜೋಗಿಮಟ್ಟಿಯ ಮಂಜಿನ ಹಾಗೆ ಬಿಸಿಲೇರಿದರೆ ಕರಗುವ ಜಾತಿಯಲ್ಲ, ಇಡೀ ದಿನ ಕೂತಿರುತ್ತದೆ. ಐವತ್ತು ಮೀಟರ್ ಆಚೆ ಕಾಣದಿದ್ದರೆ ಎರಡೂ ದೇಶಗಳಲ್ಲಿ ವೇಗಮಿತಿ 50. ಚೈನ್ ಹಾಕಿದಾಗಲೂ 50. ಚೈನನ್ನು ಎಂಜಿನ್ ತಿರುಗಿಸುವ ಚಕ್ರಗಳಿಗೆ ಹಾಕಬೇಕು, ನೂರು ಮೀಟರ್ ಹೋಗಿ ಇಳಿದು ಮತ್ತೊಮ್ಮೆ ಬಿಗಿಯಬೇಕು. ಕೈ ಮರಗಟ್ಟುವ ಮುಂಚೆ, ಹೋಟೆಲ್ ಅಂಗಳದಲ್ಲೇ ಒಮ್ಮೆ ಹಾಕಿ ತೆಗೆದು ನೋಡಿ.

ಬೆಳಗಿನ ಹತ್ತು ನಿಮಿಷ ಕಾರಿಗೇ ಹೋಗುತ್ತದೆ. ಎಲ್ಲ ಗಾಜುಗಳ ಮಂಜುಗಡ್ಡೆಯನ್ನೂ ಪ್ಲಾಸ್ಟಿಕ್ ಹೆರೆಮಣೆಯಿಂದ ಕೆರೆಯಬೇಕು, ಮುಂದೆ ಒಂದು ಕಿಂಡಿ ಮಾಡಿಕೊಂಡು ಹೊರಟರೆ ದಂಡ. ಬಿಸಿನೀರು ಸುರಿದರೆ ಗಾಜು ಸೀಳುತ್ತದೆ. ಛಾವಣಿಯ ಹಿಮವನ್ನೂ ಗುಡಿಸಿ, ಬ್ರೇಕ್ ಹಾಕಿದಾಗ ಅದು ಮುಂಗಾಜಿನ ಮೇಲೇ ಜಾರಿ ಬೀಳುತ್ತದೆ. ನಿಂತಲ್ಲೇ ಎಂಜಿನ್ ಓಡಿಸಿ ಬೆಚ್ಚಗಾಗಿಸುವುದು ಜರ್ಮನಿಯಲ್ಲಿ ನಿಷಿದ್ಧ. ರಸ್ತೆಗೆ ಉಪ್ಪು ಹಾಕುವುದರಿಂದ ಗಾಜು ಗಳಿಗೆಗೊಮ್ಮೆ ಮಸುಕಾಗುತ್ತದೆ. ಮೈನಸ್ 20 ಎಂದು ಬರೆದಿರುವ ವಾಷರ್ ದ್ರವ ಐದು ಲೀಟರ್ ಕ್ಯಾನ್ ಡಿಕ್ಕಿಯಲ್ಲಿರಲಿ. ಬರೀ ನೀರು ತುಂಬಿದರೆ ಪೈಪಿನಲ್ಲೇ ಗಟ್ಟಿಯಾಗುತ್ತದೆ.

ಇಂಧನ ಅರ್ಧಕ್ಕಿಂತ ಕೆಳಗೆ ಇಳಿಸಬೇಡಿ, ಹೆದ್ದಾರಿ ಮುಚ್ಚಿ ಗಂಟೆಗಟ್ಟಲೆ ನಿಂತರೆ ಹೀಟರ್ ನಡೆಯಬೇಕು. ಫ್ರಾನ್ಸ್‌ನಲ್ಲಿ ಡೀಸೆಲ್‌ಗೆ ಗಾಜೋಲ್ ಎನ್ನುತ್ತಾರೆ. ಗೊಂದಲವಾದರೆ ಮುಚ್ಚಳದ ಗುರುತು ನೋಡಿ: ವೃತ್ತದೊಳಗೆ ಇ ಇದ್ದರೆ ಪೆಟ್ರೋಲ್, ಚೌಕದೊಳಗೆ ಬಿ ಇದ್ದರೆ ಡೀಸೆಲ್. ಹೆದ್ದಾರಿ ಬಂಕ್‌ಗಿಂತ ಸೂಪರ್‌ಮಾರ್ಕೆಟ್ ಬಂಕ್ ಅಗ್ಗ. ಅಲ್ಲಿ ಆಳಿರುವುದಿಲ್ಲ, ಪಿನ್ ಇರುವ ಕಾರ್ಡ್ ಬೇಕು, ಯಂತ್ರ ಮೊದಲು ದೊಡ್ಡ ಮೊತ್ತ ತಡೆಹಿಡಿದು ಆಮೇಲೆ ಬಿಡುತ್ತದೆ. ಬ್ಯಾಂಕ್ ಆ್ಯಪ್‌ನಲ್ಲಿ ವಿದೇಶಿ ಬಳಕೆ ಊರಿನಲ್ಲೇ ತೆರೆದಿಟ್ಟುಕೊಳ್ಳಿ.

ಊಟ, ಬಟ್ಟೆ

ಬಟ್ಟೆ ಬಗ್ಗೆ ಹೆಚ್ಚು ಹೇಳುವುದಿಲ್ಲ: ಒಳಗೆ ಥರ್ಮಲ್, ನಡುವೆ ಉಣ್ಣೆ, ಹೊರಗೆ ಗಾಳಿ-ನೀರು ತಡೆಯುವ ಜಾಕೆಟ್. ದುಡ್ಡು ಹಾಕುವುದಿದ್ದರೆ ಅಡಿ ಹಿಡಿತವಿರುವ, ನೀರು ಒಳಬಿಡದ ಶೂಗೆ ಹಾಕಿ. ದಪ್ಪ ಜಾಕೆಟ್ ತೊಟ್ಟು ಸೀಟ್ ಬೆಲ್ಟ್ ಹಾಕಬೇಡಿ, ಬೆಲ್ಟ್ ಮೈಗೆ ಕೂರುವುದಿಲ್ಲ.

ಸಸ್ಯಾಹಾರಿಗಳಿಗೆ ಆಲ್ಸೇಸ್‌ನ ತಾರ್ತ್ ಫ್ಲಾಂಬೆ ನೋಡಲು ತೆಳು ಪಿಜ್ಜಾದಂತಿದ್ದರೂ ಮೇಲೆ ಹಂದಿ ಮಾಂಸದ ಚೂರುಗಳಿರುತ್ತವೆ, ಅವಿಲ್ಲದ್ದನ್ನು ಕೇಳಿ. ಜರ್ಮನ್ ಸಂತೆಯ ಆಲೂ ರೊಟ್ಟಿ, ಸೇಬಿನ ಗೊಜ್ಜು ಚೆನ್ನಾಗಿರುತ್ತವೆ. ರೊಟ್ಟಿಗೆ ಸಾಮಾನ್ಯವಾಗಿ ಮೊಟ್ಟೆ ಹಾಕುತ್ತಾರೆ. ಸುಟ್ಟ ಚೆಸ್ಟ್‌ನಟ್, ಸಕ್ಕರೆ ಲೇಪಿಸಿದ ಬಾದಾಮಿ ಯಾರಿಗೂ ಆದೀತು. ಗ್ಲುವೈನ್ ಎಂಬ ಬಿಸಿ ಪಾನೀಯ ಮದ್ಯವೇ, ಓಡಿಸುವವರು ಮಕ್ಕಳ ಪಂಚ್ ಕುಡಿಯಲಿ. ಲೋಟಕ್ಕೆ ತೆಗೆದುಕೊಂಡ ಠೇವಣಿ ಲೋಟ ಮರಳಿಸಿದಾಗ ವಾಪಸ್ ಬರುತ್ತದೆ.

ಅಡುಗೆಮನೆ ಇರುವ ಮನೆ ಬಾಡಿಗೆಗೆ ಹಿಡಿದರೆ ರಾತ್ರಿ ಊಟದ ಚಿಂತೆ ತಪ್ಪುತ್ತದೆ. ಚಟ್ನಿಪುಡಿ, ಮಂಡಕ್ಕಿ, ಅವಲಕ್ಕಿ, ಸಾರಿನ ಪುಡಿ ಒಯ್ಯಿರಿ. ಹಾಲು ಮತ್ತು ಮಾಂಸದ ಪದಾರ್ಥಗಳನ್ನು ಪ್ರಯಾಣಿಕರು ಭಾರತದಿಂದ ಐರೋಪ್ಯ ಒಕ್ಕೂಟಕ್ಕೆ ಒಯ್ಯುವಂತಿಲ್ಲ; ತುಪ್ಪ, ಪೇಡೆ ಕಸದ ಬುಟ್ಟಿಗೆ ಹೋಗುತ್ತವೆ, ಮೇಲೆ ದಂಡವೂ ಬೀಳಬಹುದು. ದಾವಣಗೆರೆಯವರಿಗೆ ಬೇರೆ ಹೇಳಬೇಕಿಲ್ಲ, ಬೆಣ್ಣೆಯೂ ಅದರಲ್ಲಿ ಸೇರಿತು. ಅಲ್ಲಿನ ಅಂಗಡಿಯ ಬೆಣ್ಣೆ ಏನೂ ಕಡಿಮೆಯಿಲ್ಲ. ಹಸಿ ಕರಿಬೇವನ್ನೂ ಬಿಟ್ಟುಹೋಗಿ.

ಹೊರಡುವುದು, ಒಪ್ಪಿಸುವುದು

ತುಮಕೂರು ದಾಟಿ ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರ, ದೇವನಹಳ್ಳಿ ಮೂಲಕ ಹೋದರೆ ಬೆಂಗಳೂರಿನ ಒಳಗೆ ಸಿಕ್ಕಿಕೊಳ್ಳದೆ ವಿಮಾನ ನಿಲ್ದಾಣ ತಲುಪಬಹುದು.

ಮ್ಯೂನಿಕ್‌ನಲ್ಲಿ ಕಾರನ್ನು ಹಗಲಲ್ಲಿ, ಸಿಬ್ಬಂದಿ ಇರುವ ಹೊತ್ತಿನಲ್ಲೇ ಒಪ್ಪಿಸಿ. ಉಪ್ಪು ಮೆತ್ತಿದ ಕಾರಿನ ಗೀರು ಕಾಣುವುದಿಲ್ಲ, ತೊಳೆದ ಮೇಲೆ ‘ಇದು ನಿಮ್ಮದೇ’ ಎಂಬ ಬಿಲ್ಲು ಬರುತ್ತದೆ; ಹಾಗಾಗಿ ಒಪ್ಪಿಸುವ ಮುಂಚೆ ಹತ್ತಿರದ ಬಂಕ್‌ನಲ್ಲಿ ತೊಳೆಸಿ, ಟ್ಯಾಂಕ್ ತುಂಬಿಸಿ, ರಸೀದಿ ಇಟ್ಟುಕೊಳ್ಳಿ. ಇಂಧನದ ಮುಳ್ಳು, ಕಿಲೋಮೀಟರ್ ಅಂಕಿ, ನಾಲ್ಕೂ ಬದಿಯ ಫೋಟೊ ತೆಗೆದು ಒಪ್ಪಿಸಿದ ಚೀಟಿಗೆ ಸಹಿ ಮಾಡಿಸಿ. ಕ್ಯಾಮೆರಾ ಹಿಡಿದ ವೇಗದ ದಂಡಗಳು ಬಾಡಿಗೆ ಕಂಪನಿಯ ಮೂಲಕ ತಿಂಗಳುಗಳ ನಂತರವೂ ಬರುತ್ತವೆ, ಜೊತೆಗೆ ಕಂಪನಿ ತನ್ನ ಶುಲ್ಕವನ್ನು ಅದೇ ಕಾರ್ಡ್‌ನಿಂದ ಕಡಿತ ಮಾಡುತ್ತದೆ. ಡೆಪಾಸಿಟ್ ವಾಪಸಾದರೂ ಆರು ತಿಂಗಳು ಆ ಫೋಟೊ, ಕಾಗದಗಳನ್ನು ಅಳಿಸಬೇಡಿ.